ಮೂರನೇ ಸಲ ಕೇಳದ ಆಲ್ಬಂ

ಆ ದಿನವೂ ಅವಳು ಗಂಡನನ್ನು ಬೈದಿದ್ದಳು. ಬೈಯದ ದಿನ ಯಾವುದಿತ್ತು? ಇಸ್ತ್ರಿ ಅಂಗಡಿಯಲ್ಲಿ ಮೇಜಿನ ಆ ಕಡೆ ಅವನು, ಈ ಕಡೆ ಅವಳು. ಬಟ್ಟೆಗೆ ನೀರು ಚಿಮುಕಿಸಿ ಸುತ್ತಿ ಕೊಡುವುದು ಅವಳ ಕೆಲಸ, ಇಸ್ತ್ರಿ ಹಾಕುವುದು ಅವನದು. ಇಪ್ಪತ್ತೆರಡು ವರ್ಷ ಹಾಗೇ ನಡೆದಿತ್ತು. ಅವನ ಕಿವಿಯ ಮೇಲೆ ಮಾತ್ರ ಯಾವಾಗಲೂ ಹೆಡ್‌ಫೋನು.

"ರೀ, ಹಲ್ಲಿನ ಡಾಕ್ಟರ ಕೋಟು ಹನ್ನೊಂದಕ್ಕೆ ಬೇಕಂತೆ."

"ಡ್ರಮ್ಮು ಬಾರಿಸೋಳಿಗೆ ಬಸ್ಸು ತಪ್ಪಿಹೋಗುತ್ತೇನೋ, ಏನವಸರ," ಅಂದ ಅವನು.

"ನಾನು ಕೋಟು ಅಂತಿದೀನಿ."

"ಗಿಟಾರಂತೂ ಗೋಡೆ ಕಟ್ಟಿದಾರೆ ಕಣೇ. ಬಾಗಿಲೇ ಇಟ್ಟಿಲ್ಲ. ಹಾಡೋಳು ಹೊರಗೇ ನಿಂತಿದಾಳೆ, ಪಾಪ."

"ನಿಮ್ಮ ಕಿವೀಲಿರೋದನ್ನ ಕಿತ್ತು ಬಿಸಾಕ್ತೀನಿ ನೋಡಿ!"

ಬಿಸಾಕಲಿಲ್ಲ. ಎಷ್ಟೋ ವರ್ಷದಿಂದ ಬಿಸಾಕ್ತೀನಿ ಅನ್ನುತ್ತಲೇ ಇದ್ದಳು.

ರಾಕ್ ಸಂಗೀತದ ಹುಚ್ಚು ಅವನದು. ಅದರಲ್ಲೂ ದೊಡ್ಡ ಕಂಪನಿಗಳ ಕಡೆ ತಿರುಗಿಯೂ ನೋಡದೆ, ನಾಲ್ಕು ಜನ ಸೇರಿ ತಾವೇ ಹಾಡಿ ತಾವೇ ಹೊರಗೆ ಬಿಡುತ್ತಾರಲ್ಲ, ಅಂಥ ತಂಡಗಳದು. ಇಂಡಿ ಅನ್ನುತ್ತಿದ್ದ. ಹೊಸ ಆಲ್ಬಂ ಬಂದರೆ ಮೂರು ಸಲ ಕೇಳಬೇಕು. ಮೊದಲನೇ ಸಲ ಇಸ್ತ್ರಿ ಹಾಕುತ್ತಾ. ಎರಡನೇ ಸಲ ಮಧ್ಯಾಹ್ನ ಊಟ ಆದಮೇಲೆ, ಕಣ್ಣು ಮುಚ್ಚಿ. ಮೂರನೇ ಸಲ ಮರುದಿನ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ. ಆಮೇಲೇ ಫೋನಿನಲ್ಲಿ ಅಭಿಪ್ರಾಯ ಮಾತಾಡಿ ಗುಂಪಿಗೆ ಕಳಿಸುವುದು. ಗುಂಪಿನಲ್ಲಿ ಅವನಂಥದೇ ಹುಚ್ಚಿನ ನೂರಿಪ್ಪತ್ತು ಜನ. ಇಸ್ತ್ರಿ ಮೇಷ್ಟ್ರು ಅಂತ ಅವರೇ ಹೆಸರಿಟ್ಟಿದ್ದರು.

"ಎರಡು ಸಲ ಕೇಳಿ ಹೇಳೋದು ಚಾಡಿ ಕಣೇ," ಅನ್ನುತ್ತಿದ್ದ. ಸುಮ್ಮನೆ ಅಂದದ್ದಲ್ಲ. ಮೂರನೇ ಸಲಕ್ಕೆ ಎಷ್ಟೋ ಬಾರಿ ಉಲ್ಟಾ ಹೊಡೆದಿದ್ದಾನೆ. ಒಂದು ತಂಡದ ಎರಡನೇ ಆಲ್ಬಂ ಬಂದಾಗ ಇಡೀ ದಿನ ಮೂಗು ಮುರಿದ. ಮೊದಲನೇದನ್ನೇ ಒಗೆದು ಇಸ್ತ್ರಿ ಹಾಕಿ ತಂದಿದಾರೆ ಅಂದ. ಮರುದಿನ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅಡುಗೆಮನೆಗೆ ಓಡಿಬಂದು, "ಲೇ, ನಾನು ಕತ್ತೆ. ಏಳನೇ ಹಾಡು ಕೇಳಿಸ್ಕೊಂಡೇ ಇರ್ಲಿಲ್ಲ," ಅಂದ. ನೆಲದ ತುಂಬ ನೊರೆ. ಒರೆಸಿದವಳು ಅವಳು.

ಆವತ್ತಿನ ಆಲ್ಬಂ ಇದೇ ಊರಿನ ತಂಡದ್ದು. ಮೊದಲನೆಯದು, ಒಂಬತ್ತು ಹಾಡು. ಹಾಡುವ ಹುಡುಗಿ ಬೀದಿಯ ತುದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಾನೇ ಬಂದು ಅವನ ಫೋನಿಗೆ ಹಾಕಿಕೊಟ್ಟು ಹೋಗಿದ್ದಳು.

ಊಟ ಆದಮೇಲೆ ಅವನು ಬಟ್ಟೆಯ ಮೂಟೆಗೆ ಒರಗಿ ಕಣ್ಣು ಮುಚ್ಚಿದ. "ಮೂರನೇದು ಬರೀ ನೀರು," ಅಂದ. ಸ್ವಲ್ಪ ಹೊತ್ತಾದ ಮೇಲೆ, "ಐದನೇದು ಯಾರದೋ ಮನೆಯಿಂದ ಎತ್ಕೊಂಡು ಬಂದಿದಾರೆ." ಕೊನೆಯ ಹಾಡಿಗೆ ಏನೂ ಅನ್ನಲಿಲ್ಲ. ಹಾಡು ಮುಗಿದ ಮೇಲೂ ಕಣ್ಣು ಬಿಡಲಿಲ್ಲ. "ಕೊನೇದು... ನಾಳೆ ನೋಡೋಣ."

"ನಾಳೆ ಹೋಟೆಲಿನ ಪರದೆ ಇವೆ, ಹದಿನಾರು," ಅಂದಳು ಅವಳು.

ಬೆಳಿಗ್ಗೆ ಅವನು ಏಳಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಐವತ್ತೊಂದು ವರ್ಷ.

ಮೂರು ವಾರ ಅಂಗಡಿ ಮುಚ್ಚಿತ್ತು. ತೆರೆದ ದಿನವೇ ಆ ಹುಡುಗಿ ಬಂದಳು. ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡಳು.

"ಆಂಟಿ, ಕೇಳಬಾರದು, ಆದ್ರೂ... ಮೇಷ್ಟ್ರು ನಮ್ಮ ಆಲ್ಬಂ ಬಗ್ಗೆ ಏನಾದ್ರೂ ಅಂದಿದ್ರಾ?"

ಅವಳ ಮೈಯೆಲ್ಲ ಉರಿಯಿತು. ಗಂಡ ಹೋಗಿದಾನೆ, ಇವಳಿಗೆ ಆಲ್ಬಮ್ಮಿನ ಚಿಂತೆ. ಮೊದಲು ಈ ಪೀಡೆ ತೊಲಗಲಿ ಅನ್ನಿಸಿತು.

"ತುಂಬಾ ಚೆನ್ನಾಗಿದೆ ಅಂದ್ರು. ಸಾಕಾ?"

ಹುಡುಗಿ ಅತ್ತಳು. ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೋದಳು.

ಸಂಜೆ ಮೈದುನ ಬಂದ. ಅವನೂ ಅಣ್ಣನ ಗುಂಪಿನಲ್ಲಿದ್ದವನು. ಫೋನು ಅವಳ ಮುಖಕ್ಕೆ ಹಿಡಿದ. ಅದರಲ್ಲಿ ಆ ಹುಡುಗಿ ಗುಂಪಿಗೆ ಹಾಕಿದ್ದ ಗಂಡನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ: 'ಇಸ್ತ್ರಿ ಮೇಷ್ಟ್ರ ಕೊನೆಯ ಮಾತು – ತುಂಬಾ ಚೆನ್ನಾಗಿದೆ.'

"ಅತ್ತಿಗೆ, ಇದು ಅಣ್ಣನ ಮಾತಾ?"

"ಯಾಕೆ?"

"ನನ್ನ ಮದುವೆ ಊಟಕ್ಕೇ ಅವನು ತುಂಬಾ ಚೆನ್ನಾಗಿದೆ ಅಂದೋನಲ್ಲ."

ಅವಳು ಕೈಯಲ್ಲಿದ್ದ ಬಟ್ಟೆಗೆ ನೀರು ಚಿಮುಕಿಸಿದಳು.

"ಗುಂಪಲ್ಲಿ ಗುಸುಗುಸು ಶುರುವಾಗಿದೆ. ಮೇಷ್ಟ್ರೂ ಕೊನೇಲಿ ಬಗ್ಗಿದ್ರು, ಅದೇ ಬೀದಿ ಹುಡುಗಿ ಅಂತ ರಿಯಾಯಿತಿ ಕೊಟ್ರು ಅಂತ ಒಬ್ಬ ಬರೆದಿದಾನೆ."

ಅವಳಿಗೆ ಕೋಪ ನೆತ್ತಿಗೇರಿತು. ಬರೆದವನ ಮೇಲೆ, ಹುಡುಗಿಯ ಮೇಲೆ, ತನ್ನ ಬಾಯಿಯ ಮೇಲೆ. ಆಮೇಲೆ ಗಂಡನ ಮೇಲೂ. ಒಂದೇ ಒಂದು ಸುಳ್ಳು ಹೇಳಿ ಅಂತ ಅವಳು ಎಷ್ಟು ಸಲ ಕಾಲು ಹಿಡಿಯುವಷ್ಟು ಬೇಡಿಕೊಂಡಿದ್ದಳು! ಸ್ವಂತ ಅಕ್ಕನ ಮಗ ಹಾಡಿ ಕೇಳಿಸಿದರೆ, "ಶ್ರುತಿ ಬೀದೀಲಿದೆ, ನೀನು ಮನೇಲಿದೀಯ," ಅಂದವನು ಅವನು. ಆ ಅಕ್ಕ ಒಂದು ವರ್ಷ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಗಲೂ ಅವನು ಕಣ್ಣೊರೆಸುವ ಮಾತು ಆಡಲಿಲ್ಲ. ಅವನಿಗೆ ಅಂತ ಇದ್ದದ್ದು ಅದೊಂದೇ. ಅದನ್ನೂ ಅವಳು ಮೂರು ಮಾತಿನಲ್ಲಿ ಕೆಡಿಸಿ ಇಟ್ಟಳು.

ಮರುದಿನ ಅಂಗಡಿ ತೆರೆಯದೆ ಕನ್ನಡಕದ ಅಂಗಡಿಗೆ ಹೋದಳು. ಹುಡುಗಿ ಫ್ರೇಮುಗಳನ್ನು ಒರೆಸಿ ಕಪಾಟಿನಲ್ಲಿ ಜೋಡಿಸುತ್ತಿದ್ದಳು.

"ನಾನು ನಿನ್ನೆ ಸುಳ್ಳು ಹೇಳ್ದೆ," ಅಂದಳು ಅವಳು, ನಿಂತಲ್ಲೇ. "ಅವರು ಎರಡೇ ಸಲ ಕೇಳಿದ್ದು. ಡ್ರಮ್ಮಿನವಳಿಗೆ ಬಸ್ಸು ತಪ್ಪುತ್ತೇನೋ ಅಂದ್ರು. ಗಿಟಾರು ಗೋಡೆ ಕಟ್ಟಿದೆ, ಬಾಗಿಲಿಲ್ಲ, ನೀನು ಹೊರಗೆ ನಿಂತಿದೀಯ ಅಂದ್ರು. ಮೂರನೇದು ನೀರು. ಐದನೇದು ಕದ್ದಿದ್ದು."

"ಕದ್ದಿದ್ದು ಅಂದ್ರಾ?"

"ಎತ್ಕೊಂಡು ಬಂದಿದ್ದು ಅಂದ್ರು. ಕದ್ದಿದ್ದು ಅಂತ ನಾನು ಅಂದೆ."

ಹುಡುಗಿಯ ಮುಖ ಸಣ್ಣದಾಯಿತು. ಒರೆಸಿದ ಫ್ರೇಮನ್ನೇ ಮತ್ತೆ ಒರೆಸಿದಳು. "ಕೊನೇ ಹಾಡು?"

"ನಾಳೆ ನೋಡೋಣ ಅಂದ್ರು."

"ಅಂದ್ರೆ ಇಷ್ಟ ಆಗಿತ್ತಾ?"

"ನನಗೆ ಹೇಗಮ್ಮ ಗೊತ್ತಾಗ್ಬೇಕು? ನಾನೇನು ಕೇಳಿದ್ನಾ? ಪರದೆ ಇವೆ ಅಂದೆ! ಹದಿನಾರು ಪರದೆ ಇವೆ ಅಂದೆ!"

ಕನ್ನಡಿಯ ಮುಂದೆ ಕನ್ನಡಕ ಹಾಕಿ ನೋಡುತ್ತಿದ್ದ ಗಿರಾಕಿ ಬೆಚ್ಚಿ ತಿರುಗಿದ. ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಮೂರನೇ ಸಲ ಕೇಳಿದ್ರೆ ಏನಂತಿದ್ರೋ," ಅಂದಳು ಹುಡುಗಿ, ಮೆಲ್ಲಗೆ.

"ಅದನ್ನ ಯಾರೂ ಹೇಳಕ್ಕಾಗಲ್ಲ. ನಾನೂ ಹೇಳಲ್ಲ. ಆ ಫೋಟೋ ತೆಗೆದುಬಿಡು."

ಹುಡುಗಿ ಅವಳ ಕಣ್ಣೆದುರೇ ತೆಗೆದಳು. 'ಮೇಷ್ಟ್ರು ನಮ್ಮ ಆಲ್ಬಂ ಎರಡು ಸಲ ಕೇಳಿದ್ದರು, ಅಭಿಪ್ರಾಯ ಕೊಟ್ಟಿಲ್ಲ, ನಿನ್ನೆ ಹಾಕಿದ್ದು ತಪ್ಪು' ಅಂತ ಬರೆದು ತೋರಿಸಿದಳು. ಆಮೇಲೆ ಗಿರಾಕಿಗೆ ಕೇಳಿಸದ ಹಾಗೆ, "ಐದನೇದು ಎತ್ಕೊಂಡು ಬಂದಿದ್ದೇ, ಆಂಟಿ. ಇನ್ಯಾರಿಗೂ ಗೊತ್ತಾಗಿರ್ಲಿಲ್ಲ," ಅಂದಳು.

"ಅವರಿಗೆ ಗೊತ್ತಾಗದೆ ಇರುತ್ತಾ?" ಅಂದಳು ಅವಳು. ಸಿಡುಕಿಕೊಂಡೇ ಅಂದಳು.

ಆದರೆ ಆಲ್ಬಮ್ಮುಗಳು ನಿಲ್ಲಬೇಕಲ್ಲ! ಗಂಡನ ಫೋನು ಈಗ ಅವಳ ಹತ್ತಿರ. ಹೆಸರೇ ಕೇಳದ ಊರುಗಳಿಂದ, ಸುದ್ದಿ ಗೊತ್ತಿಲ್ಲದ ತಂಡಗಳು ಕಳಿಸುತ್ತಲೇ ಇವೆ. ನಮ್ಮದನ್ನೂ ಕೇಳಿ ಮೇಷ್ಟ್ರೇ, ಎರಡು ಮಾತು ಹೇಳಿ ಮೇಷ್ಟ್ರೇ. ಒಂದೇ ಸಲ ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕಳಿಸಬಹುದು ಅತ್ತಿಗೆ, ನಾನು ಮಾಡಿಕೊಡ್ತೀನಿ ಅಂದ ಮೈದುನ. ನಿನ್ನ ಕೆಲಸ ನೋಡ್ಕೋ ಹೋಗು ಅಂದಳು.

ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎತ್ತಿ, ಸ್ಟೂಲಿನ ಮೇಲೆ ಕೂತು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒಬ್ಬೊಬ್ಬರಿಗೂ ಬರೆಯುತ್ತಾಳೆ: ಅವರು ತೀರಿಕೊಂಡರು. ನಿಮ್ಮದು ಕೇಳಿಲ್ಲ. ನನ್ನ ಕೇಳಬೇಡಿ. ಕೆಲವು ದಿನ ಒಂದು, ಕೆಲವು ದಿನ ನಾಲ್ಕು. ಬರೆದು ಮುಗಿದ ಮೇಲೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಕುತ್ತಾಳೆ.