ಒಂಬತ್ತನೇ ವರ್ಷಕ್ಕೆ ಹೆತ್ತವಳು

ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳ ಎಡಗೆನ್ನೆಯೊಳಗೆ ಎರಡು ತಿಂಗಳಿಂದ ಮಾಯದ ಹುಣ್ಣಿತ್ತು. ತಂಬಾಕು ಇಟ್ಟುಕೊಳ್ಳುವುದೂ ಅದೇ ಕಡೆ. ಸಮುದಾಯ ಭವನದಲ್ಲಿ ಕ್ಯಾನ್ಸರ್ ತಪಾಸಣಾ ಶಿಬಿರ ನಡೆದಾಗ ಅವಳನ್ನು ನಾನೇ ಕರೆದೊಯ್ದೆ.

ಶಿಬಿರದ ಯುವ ವೈದ್ಯರು ಬಾಯಿಯ ಫೋಟೊ ತೆಗೆದು, ಆಧಾರ್ ಕಾರ್ಡಿನ ವಯಸ್ಸು ತುಂಬಿದರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅಪಾಯವನ್ನು ಅಳೆಯುತ್ತಿತ್ತು. ಪರದೆಯಲ್ಲಿ ಹಸಿರು ಮೂಡಿತು: ಅಪಾಯ ಕಡಿಮೆ, ಮುಂದಿನ ವರ್ಷ ಬನ್ನಿ.

ಕಾರ್ಡು ಇಸಿದುಕೊಂಡು ನೋಡಿದೆ. ಜನವರಿ ಒಂದು, ಆ ಪ್ರಕಾರ ಮೂವತ್ತಾರು ವರ್ಷ. ಈ ತಾರೀಖು ನನಗೆ ಹಳೆಯ ಪರಿಚಯ. ಶಾಲೆ ಕಾಣದವರ ವಯಸ್ಸನ್ನು ಮುಖ ನೋಡಿ ಅಂದಾಜಿನಲ್ಲಿ ಬರೆದು, ಹುಟ್ಟಿದ ದಿನ ಜನವರಿ ಒಂದು ಎಂದು ಹಾಕಿಬಿಡುತ್ತಾರೆ. ಶಾಲೆ ಕಂಡ ನನ್ನ ಜನ್ಮದಿನವೂ ಮಾಸ್ತರರು ದಯಪಾಲಿಸಿದ ಜೂನ್ ಒಂದೇ.

"ನಿನ್ನ ಹಿರೇಮಗಳಿಗೆ ಎಷ್ಟು ವರ್ಷ ಆದುವು, ಯವ್ವಾ?"

"ಇಪ್ಪತ್ತೇಳ್ರೀ ಅಣ್ಣಾರ. ಕೊಪ್ಪಳ ದವಾಖಾನ್ಯಾಗ ಹಡದೀನಿ, ಚೀಟಿ ಐತಿ."

ಮಾತನ್ನಷ್ಟೇ ನಂಬದೆ ಅವಳ ಮನೆಯಿಂದ ಆ ಹೆರಿಗೆ ಚೀಟಿ ತರಿಸಿ ನೋಡಿದೆ. ತಾರೀಖು ಸರಿಯಿತ್ತು.

"ಡಾಕ್ಟರ್ರ, ನಿಮ್ಮ ಲೆಕ್ಕದಾಗ ಈಕಿ ಒಂಬತ್ತನೇ ವರ್ಷಕ್ಕ ಹಡದಾಳ್ರಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ನಿಮ್ಮ ಮಷೀನ್ ನನ್ನ ಲಗ್ನ ತೊಟ್ಟಿಲದಾಗ ಮಾಡೇತ್ರಿ, ಸಾಹೇಬ್ರ!"

ಯುವ ವೈದ್ಯರು ನಗಲಿಲ್ಲ. "ನಲವತ್ತು ದಾಟಿದ್ರ ಕೆಂಪು ಬರ್ತಿತ್ರಿ ಸರ್. ಆದ್ರ ಕಾರ್ಡಿನ್ಯಾಗ ಇದ್ದದ್ದನ್ನ ಬಿಟ್ಟು ಸಿಸ್ಟಮ್ ಬ್ಯಾರೇದು ತಗೊಳ್ಳಂಗಿಲ್ಲ."

"ಸಿಸ್ಟಮ್ ತಗೊಳ್ಳದಿದ್ರ ನೀವು ತಗೋರಿ. ಹುಣ್ಣು ಮುಟ್ಟಿ ನೋಡ್ರಿ."

ಮಹಾನಗರದ ಆಸ್ಪತ್ರೆಗಳ ರೋಗಿಗಳನ್ನು ನೋಡಿ ಕಲಿತ ತಂತ್ರಾಂಶವದು. ಅವರ ಜನನ ನೋಂದಣಿಯಾಗಿದೆ. ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ದುಡಿಯುವ ಹೆಂಗಸರಿಗೆ ವಯಸ್ಸು ಯಾರೋ ಕೊಟ್ಟ ಅಂದಾಜು. ಆ ಅಂದಾಜಿನ ಮೇಲೆ ನಿಂತ ಹಸಿರು ಬಣ್ಣವನ್ನು ವಿಜ್ಞಾನವೆಂದು ನಾನು ಒಪ್ಪಲಾರೆ. ಅಂಕಿಅಂಶ ಇಲಾಖೆಯ ನನ್ನ ವೃತ್ತಿಯುದ್ದಕ್ಕೂ ಇದೇ ವಯಸ್ಸಿನ ಕಾಲಮ್ಮನ್ನು ನಂಬಿ ಕೋಷ್ಟಕ ಕಟ್ಟಿದವನು ನಾನು. ಆ ತಪ್ಪನ್ನು ಒಬ್ಬಳ ಜೀವದ ಮೇಲೆ ಇನ್ನೊಮ್ಮೆ ಮಾಡಲು ಸಿದ್ಧನಿರಲಿಲ್ಲ.

ಕುರ್ಚಿ ಎಳೆದು ಮೇಜಿನೆದುರೇ ಕುಳಿತೆ. ಹಿಂದಿನ ಸಾಲು ಮುಂದೆ ಸರಿಯದೆ ನಿಂತಿತು. "ಮುದುಕಪ್ಪಗ ಮನ್ಯಾಗ ಕೆಲಸಿಲ್ಲೇನು?" ಎಂದು ಹಿಂದಿನಿಂದ ಯಾರೋ ಗೊಣಗಿದರು. ಏಳಲಿಲ್ಲ.

ಕೊನೆಗೆ ವೈದ್ಯರು ಕೈಗವಸು ತೊಟ್ಟು ಹುಣ್ಣಿನ ಅಂಚನ್ನು ಒತ್ತಿದರು. ಅಂಚು ಗಟ್ಟಿಯಿತ್ತು. ಪೆನ್ನು ತೆಗೆದು, ಬಯಾಪ್ಸಿ ಎಂಬ ತುಣುಕು ಪರೀಕ್ಷೆಗೆಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆಯತೊಡಗಿದರು. ವಯಸ್ಸಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಇಲ್ಲಿ ಏನು ಬರೀಲ್ರಿ ಸರ್?"

"ಗೊತ್ತಿಲ್ಲ ಅಂತ ಬರೀರಿ. ಇವತ್ತು ಈ ಮೇಜಿನ ಮ್ಯಾಲೆ ಬರದದ್ದರಾಗ ಖರೇ ಅದೊಂದ."