ರುದ್ರಮ್ಮ ಆರಿಸಿಕೊಟ್ಟ ಲೆನ್ಸು

ರುದ್ರಮ್ಮ ಹೊಟ್ಟೆಕಿಚ್ಚಿನ ಹೆಂಗಸು. ಹೆಬ್ಬಗೋಡಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪಕ್ಕದ ಮನೆಗೆ ಹೊಸ ಮಿಕ್ಸಿ ಬಂದ ವಾರ ಅವಳಿಗೆ ತಲೆನೋವು. ಓರಗಿತ್ತಿಯ ಮಗಳು ಒಳ್ಳೆಯ ಅಂಕ ತೆಗೆದು ಪೇಡೆ ತಂದುಕೊಟ್ಟಾಗ, ಒಂದನ್ನು ಪೂರ್ತಿ ತಿಂದು, "ಸಕ್ಕರಿ ಕಡಿಮಿ ಆಗೇತಿ" ಎಂದಳು. ಕೆಲವರು ಇಂಥ ಬುದ್ಧಿಯನ್ನು ನಗುವಿನ ಹಿಂದೆ ಬಚ್ಚಿಡುತ್ತಾರೆ. ರುದ್ರಮ್ಮನಿಗೆ ಆ ನಯವೂ ಇರಲಿಲ್ಲ.

ಅವಳ ಹುಟ್ಟೂರು ರಾಣೆಬೆನ್ನೂರಿನ ಕಡೆ. ಗಂಡ ಪಂಚಾಕ್ಷರಿ ಹೊಸೂರು ರಸ್ತೆಯಲ್ಲಿ ಫೋಟೋ ಸ್ಟುಡಿಯೋ ತೆರೆದಿದ್ದ. ಗಿರಾಕಿಗಳಿಗೆ "ನಗಿ" ಎಂದು ಹೇಳುವುದೇ ಅವನಿಗೆ ಬೇಸರವಾಗಿ, ಎರಡೇ ವರ್ಷಕ್ಕೆ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿಕೊಂಡ. ಸ್ಟುಡಿಯೋ ರುದ್ರಮ್ಮನ ಪಾಲಿಗೆ ಬಂತು. ಅವಳೂ ಯಾರಿಗೂ ನಗಲು ಹೇಳುತ್ತಿರಲಿಲ್ಲ. ಆದರೆ ಕ್ಯಾಮೆರಾ ಹಿಂದೆ ಹೆಂಗಸಿದ್ದಾಳೆ, ಸೆರಗು ಸರಿಮಾಡುವ ಕೈ ಹೆಂಗಸಿನದು ಎಂಬ ಒಂದೇ ಕಾರಣಕ್ಕೆ ಗಾರ್ಮೆಂಟ್ಸ್ ಹುಡುಗಿಯರು ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಿಕೊಳ್ಳಲು ಅವಳಲ್ಲಿಗೇ ಬರುತ್ತಿದ್ದರು. ಹದಿನೈದು ವರ್ಷ ಹೀಗೇ ನಡೆಯಿತು.

ತೊಂಬತ್ತೊಂಬತ್ತರಲ್ಲಿ ಭಾನುಪ್ರಕಾಶ್ ಎದುರು ಮಳಿಗೆಗೆ ಬಂದ. ಆನೇಕಲ್ ಕಡೆಯ ಹುಡುಗ. ಅವನ ಕೈಯಲ್ಲಿದ್ದದ್ದು ಡಿಜಿಟಲ್ ಕ್ಯಾಮೆರಾ. ರೋಲಿಲ್ಲ, ತೊಳೆಯುವುದಿಲ್ಲ, ಲ್ಯಾಬಿನಿಂದ ಬರುವ ತನಕ ಕಾಯುವುದಿಲ್ಲ. ಒತ್ತಿದ ಕೂಡಲೇ ಕ್ಯಾಮೆರಾದ ಬೆನ್ನಿನ ಪುಟ್ಟ ಗಾಜಿನಲ್ಲಿ ಚಿತ್ರ ಮೂಡುತ್ತಿತ್ತು. ಕಣ್ಣು ಮುಚ್ಚಿದ್ದರೆ ಅಳಿಸಿ ಇನ್ನೊಂದು ತೆಗೆಯುತ್ತಿದ್ದ. ರುದ್ರಮ್ಮನ ಹುಡುಗಿಯರು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಸಂಜೆ ಪಾಳಿ ಬಿಟ್ಟಾಗ ಎದುರಿನಿಂದ ಕೇಳುವ ಅವರ ಕೇಕೆ ಅವಳ ಎದೆಗೆ ಸೂಜಿಯಂತೆ ನಾಟುತ್ತಿತ್ತು.

ಅವಳನ್ನು ಇನ್ನಷ್ಟು ಉರಿಸಿದ್ದು ಆ ಹುಡುಗನ ಮರ್ಯಾದೆ. ದಿನಾ ಬೆಳಿಗ್ಗೆ ಏನಾದರೂ ಸಲಹೆ ಕೇಳಲು ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಂದು ದಿನ ಕೇಳಿದ:

"ರುದ್ರಕ್ಕ, ನಮ್ಮ ಮಾವ ಸಿಂಗಪುರದಿಂದ ಬರ್ತಾವ್ರೆ. ಈ ಕ್ಯಾಮೆರಾ ಮೂತಿಗೆ ತಿರುಪಿ ಕೂರ್ಸೋ ಲೆನ್ಸು ಸಿಗ್ತದಂತೆ. ಒಂದು ದೂರದ್ದನ್ನ ಅತ್ರ ತರೋದು, ಇನ್ನೊಂದು ಅಗಲವಾಗಿ ತೋರ್ಸೋದು. ಒಂದೇ ತರ್ತೀನಿ ಅಂದವ್ರೆ. ಯಾವ್ದು ತರ್ಸ್ಲಿ?"

ಮುಖದ ಫೋಟೋ ತೆಗೆದು ಹೊಟ್ಟೆ ಹೊರೆಯುವವರಿಗೆ ಯಾವುದು ಬೇಕೆಂದು ರುದ್ರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ದೂರದ್ದನ್ನು ಹತ್ತಿರ ತರುವ ಲೆನ್ಸಿನಲ್ಲಿ ಮೂಗು ಮೂಗಿನ ಜಾಗದಲ್ಲೇ ಇರುತ್ತದೆ. ಅಗಲದ ಲೆನ್ಸನ್ನು ಮುಖದ ಹತ್ತಿರ ಹಿಡಿದರೆ ಮೂಗು ಮುಂದಕ್ಕೆ ಉಬ್ಬಿ, ಕಿವಿ ಹಿಂದಕ್ಕೆ ಓಡುತ್ತದೆ.

"ಅಗಲದ್ದ ತರಿಸಪಾ," ಎಂದಳು. "ನಿನ್ನ ಗೂಡಿನ್ಯಾಗ ಹಿಂದ ಸರಿಯಾಕ ಜಾಗ ಎಲ್ಲೈತಿ?"

ಮಾತು ಪೂರ್ತಿ ಸುಳ್ಳಲ್ಲ. ಹೊಸೂರು ರಸ್ತೆಯ ಸ್ಟುಡಿಯೋಗಳೆಲ್ಲ ದಿನಸಿ ಅಂಗಡಿಗೆಂದು ಕಟ್ಟಿದ ಮಳಿಗೆಗಳು. ಎರಡು ಹೆಜ್ಜೆ ಹಿಂದೆ ಹೋದರೆ ಬೆನ್ನಿಗೆ ಗೋಡೆ. ಅರ್ಧ ಸತ್ಯವಾದದ್ದರಿಂದಲೇ ಅವಳ ಉಪದೇಶ ಗಟ್ಟಿಯಾಗಿ ಕೂತಿತು.

ಲೆನ್ಸು ಬಂತು. ರುದ್ರಮ್ಮನ ದುರದೃಷ್ಟಕ್ಕೆ ಅದರಿಂದ ಮೊದಲು ಆದದ್ದು ಒಳ್ಳೆಯದೇ. ಅಜ್ಜಿ, ಮೊಮ್ಮಕ್ಕಳು, ತೊಟ್ಟಿಲ ಕೂಸು, ಇಡೀ ಸಂಸಾರ ಆ ಗೂಡಿನೊಳಗೇ ಒಂದು ಫೋಟೋದಲ್ಲಿ ಹಿಡಿಸಿತು. "ಎಲ್ಲಾ ರುದ್ರಕ್ಕ ಏಳ್ಕೊಟ್ಟಿದ್ದು" ಎಂದು ಹುಡುಗ ಬಂದವರಿಗೆಲ್ಲ ಹೇಳಿದ. ತಾನು ತೋಡಿದ ಗುಂಡಿಯಲ್ಲಿ ಅವನಿಗೆ ನೀರು ಸಿಕ್ಕಿತಲ್ಲ ಎಂದು ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಿಂದ ಕರೆ ಬಂತು. ಕೆಲಸದವರಿಗೆಲ್ಲ ಫೋಟೋ ಇರುವ ಹೊಸ ಗುರುತಿನ ಚೀಟಿ. ಅಲ್ಲಿ ತಿಂಗಳು ತಿಂಗಳೂ ಹೊಸಬರು ಸೇರುತ್ತಿದ್ದರು, ಒಮ್ಮೆ ಹಿಡಿದರೆ ಮುಗಿಯದ ಕೆಲಸ. ಆಫೀಸಿನ ಶ್ಯಾಮಣ್ಣ ಇಬ್ಬರನ್ನೂ ಕರೆಸಿದ: ಇಬ್ಬರೂ ಒಂದು ದಿನ ತೆಗೆಯಲಿ, ಚೆನ್ನಾಗಿ ಬಂದವರಿಗೆ ಪೂರ್ತಿ ಕೆಲಸ. ಇದೂ ಎದುರು ಮಳಿಗೆಗೆ ಹೋದರೆ ತನ್ನ ಬಾಗಿಲು ಎಳೆಯಬೇಕಾದೀತೆಂದು ರುದ್ರಮ್ಮನಿಗೆ ಖಚಿತವಾಗಿತ್ತು.

ಪ್ಯಾಕಿಂಗ್ ಹಾಲು ದೊಡ್ಡದು. ಒಂದು ಮೂಲೆಯಲ್ಲಿ ರುದ್ರಮ್ಮ ಬಿಳಿ ಕೊಡೆ ಕಟ್ಟಿದ ದೀಪ ನಿಲ್ಲಿಸಿ, ಸದ್ದಿಲ್ಲದೆ ಒಬ್ಬೊಬ್ಬರನ್ನೇ ಮುಗಿಸುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ಭಾನುಪ್ರಕಾಶ್. ಹಿಂದೆ ಅಷ್ಟು ಜಾಗವಿದ್ದರೂ ಅವನು ನಿಂತದ್ದು ತನ್ನ ಗೂಡಿನಲ್ಲಿ ನಿಲ್ಲುವಷ್ಟೇ ಹತ್ತಿರದಲ್ಲಿ, ಇಲ್ಲೂ ಬೆನ್ನಿಗೆ ಗೋಡೆ ಇದೆ ಎಂಬಂತೆ. ಹೊಸ ಲೆನ್ಸು ಹುಡುಗಿಯರ ಮುಖಕ್ಕೆ ಹೆಚ್ಚುಕಮ್ಮಿ ತಾಗುತ್ತಿತ್ತು.

ಅಂಜನಮ್ಮ ಎಂಬ ಹುಡುಗಿಯ ಚಿತ್ರ ಗಾಜಿನಲ್ಲಿ ಮೂಡಿದಾಗ ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು.

"ಲೇ ಅಂಜು, ನೀನಿನ್ನೂ ಬಸ್ ಸ್ಟಾಪಲ್ಲಿದೀಯ, ನಿನ್ ಮೂಗು ಆಗ್ಲೇ ಬಸ್ ಹತ್ತೈತೆ ಕಣೇ!"

"ಅಳಿಸಣ್ಣಾ ಅದ್ನ," ಎಂದಳು ಅಂಜನಮ್ಮ. ಅವನು ಅಳಿಸಿ, ಇನ್ನಷ್ಟು ಹತ್ತಿರ ಹೋಗಿ, ಇನ್ನೊಂದು ತೆಗೆದ. ಅದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎದ್ದುಬಿಟ್ಟಳು. ಅವಳ ಹಲ್ಲು ಮೊದಲೇ ಸ್ವಲ್ಪ ಮುಂದಿತ್ತು.

ಶ್ಯಾಮಣ್ಣ ಬಂದು ಇಣುಕಿದ. "ಏನ್ ಗುರು, ನಮ್ ಹುಡ್ಗೀರ್ನೆಲ್ಲ ಗಣಪತಿ ಮಾಡ್ಬಿಟ್ಯಲ್ಲ! ಮೇಡಂ, ಸಾಕು ಬಿಡಿ. ಎಲ್ಲಾ ನೀವೇ ತೆಗೆದ್ಬಿಡಿ."

ರುದ್ರಮ್ಮನ ಹೊಟ್ಟೆ ತಣ್ಣಗಾಯಿತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಉಸಿರಾಡಿದಂತಾಯಿತು.

ಭಾನುಪ್ರಕಾಶ್ ಕ್ಯಾಮೆರಾ ಹಿಡಿದುಕೊಂಡು ಅವಳತ್ತ ತಿರುಗಿದ. ಕಿವಿ ಕೆಂಪಾಗಿದ್ದವು. "ಅಕ್ಕ, ಲೆನ್ಸು ನೀವೇಳಿದ್ದೇ ಅಲ್ವ? ಲೆನ್ಸು ಸರಿಯಾಗೇ ಐತೆ. ನನ್ ಕೈಯೇ ಸರಿಗಿಲ್ಲ ಅನ್ಸುತ್ತೆ."

"ಥೂ," ಎಂದಳು ರುದ್ರಮ್ಮ. ಯಾರಿಗೆ ಎಂದು ಯಾರಿಗೂ ತಿಳಿಯಲಿಲ್ಲ.

ತನ್ನ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಹಾಲಿನ ಆಚೆ ಮೂಲೆಗೆ ನಡೆದಳು. ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, ಲೆನ್ಸನ್ನು ತಿರುಪಿ ತೆಗೆದು, ಅವನದೇ ಅಂಗಿಯ ಜೇಬಿಗೆ ತುರುಕಿದಳು. ಕ್ಯಾಮೆರಾವನ್ನು ವಾಪಸು ಕೈಗಿಟ್ಟು, ಎದೆಗೆ ಕೈ ಕೊಟ್ಟು ಅವನನ್ನು ಹಿಂದೆ ಹಿಂದೆ ದೂಡಿದಳು, ಬಟ್ಟೆ ಮೂಟೆಗಳು ಬೆನ್ನಿಗೆ ತಾಗುವ ತನಕ.

"ಇಲ್ಲಿ ನಿಂದ್ರು. ಇದೇನು ನಿನ್ನ ಅಂಗಡಿ ಏನು, ಬೆನ್ನಿಗೆ ಗ್ವಾಡಿ ಹಾಯಾಕ? ಹತ್ತಿರ ತರೋ ಗುಂಡಿ ಇದರಾಗೇ ಐತೆಲ್ಲ, ಅದನ್ನ ಒತ್ತು."

"ಮೇಡಂ, ಕೆಲ್ಸ ನಿಮ್ಗೇ ಅಂದ್ನಲ್ಲ," ಎಂದ ಶ್ಯಾಮಣ್ಣ.

ರುದ್ರಮ್ಮ ಅವನತ್ತ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಂಜನಮ್ಮನನ್ನು ರಟ್ಟೆ ಹಿಡಿದು ಎಳೆತಂದು, ಹುಡುಗನೆದುರಿನ ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಎದ್ದೆ ಅಂದ್ರ ನೋಡು," ಎಂದಳು.