ಹದ್ದಿನ ಬಾಣಂತನ

ನಮ್ಮ ತಾರಸಿಯ ಬಾಗಿಲ ಪಕ್ಕದ ಮೊಳೆಗೆ ಒಂದು ಕರಿ ಕೊಡೆ ನೇತುಹಾಕಿದೆ. ಮಳೆಗೆಂದು ತಂದ ಕೊಡೆಯಲ್ಲ, ಹದ್ದಿಗೆಂದು ಇಟ್ಟದ್ದು. ಈಗ ಅದರಿಂದ ಕೆಲಸವಿಲ್ಲ, ಆದರೂ ತೆಗೆದು ಬಿಸಾಡಲು ಕೈ ಬರುವುದಿಲ್ಲ.

ಯಡಿಯೂರಿನ ಈ ಜಾಗದಲ್ಲಿ ಮೊದಲು ನಮ್ಮ ತೋಟವಿತ್ತು. ಈಗ ಬಾಡಿಗೆ ಮನೆಗಳಿವೆ; ಹಿತ್ತಿಲಲ್ಲಿ ಉಳಿದದ್ದು ಒಂದೇ ತೆಂಗಿನಮರ. ಚಳಿ ಕಳೆಯುವ ಹೊತ್ತಿಗೆ ಅದರ ಗರಿಗಳ ನಡುವೆ ಜೋಡಿ ಹದ್ದು ಗೂಡು ಕಟ್ಟುತ್ತಿದ್ದವು. ಮರಿಯಾಯಿತೋ, ತಾರಸಿಗೆ ಯಾರೇ ಹೋಗಲಿ, ಹಿಂದಿನಿಂದ ಎರಗಿ ತಲೆ ಪರಚುತ್ತಿದ್ದವು. ಅದಕ್ಕೆ ಅವ್ವ ಕಂಡುಕೊಂಡ ಉಪಾಯವೇ ಈ ಕೊಡೆ.

ಬಾಡಿಗೆಗೆ ಬಂದವರಿಗೆ ಅವಳು ಹೇಳುತ್ತಿದ್ದ ಮೊದಲ ಮಾತು: "ಶಿವರಾತ್ರಿಯಿಂದ ಯುಗಾದಿ ಗಂಟ ಮೇಲಕ್ಕೆ ಹೋದ್ರೆ ಕೊಡೆ ಹಿಡ್ಕಂಡ್ ಹೋಗಿ. ಅಲ್ಲಿ ಬಾಣಂತಿ ಅವ್ಳೆ."

ಒಂದು ಸಲ ನನ್ನ ಅಣ್ಣನ ನೆತ್ತಿಯೇ ಹರಿದು ರಕ್ತ ಬಂತು. ಗೂಡು ಕೀಳಿಸ್ತೀನಿ ಎಂದು ಹಾರಾಡಿದ. ಅವ್ವ ಅರಿಶಿನ ಮೆತ್ತುತ್ತಲೇ ಬಾಯಿ ಮುಚ್ಚಿಸಿದಳು. "ನಿನ್ ಹೆಂಡ್ತಿ ಬಾಣಂತನದಾಗೆ ಯಾರ್ ಯಾರ್ ಮೇಲೆ ಎಗರಾಡಿದ್ಲು, ಮರ್ತ್‌ಬಿಟ್ಯಾ? ಅವಳನ್ನೇನ್ ಮನೆ ಬಿಟ್ಟು ಓಡಿಸಿದ್ವಾ?" ಅಲ್ಲೇ ಇದ್ದ ಅತ್ತಿಗೆಗೂ ನಗು ತಡೆಯಲಾಗಲಿಲ್ಲ.

ತೋಟವಿದ್ದಾಗ ನಮ್ಮ ಕೋಳಿಮರಿಗಳನ್ನು ಹೊತ್ತೊಯ್ಯುತ್ತಿದ್ದದ್ದೂ ಹದ್ದುಗಳೇ. ಅವ್ವ ಬಾಯಿಗೆ ಬಂದಂತೆ ಬೈಯುತ್ತಿದ್ದಳು, ಬಿದಿರು ಮಂಕರಿ ಕವುಚಿ ಮರಿಗಳನ್ನು ಕಾಯುತ್ತಿದ್ದಳು. ಗೂಡಿನ ತಂಟೆಗೆ ಮಾತ್ರ ಹೋದವಳಲ್ಲ.

ಅವ್ವ ಹೋದಳು. ಅವಳ ವರ್ಷದ ತಿಥಿ ಸರಿಯಾಗಿ ಹದ್ದಿನ ಬಾಣಂತನದ ಕಾಲಕ್ಕೇ ಬಂತು. ಅವಳಿಗೆ ಇಷ್ಟವಾದ ಮುದ್ದೆ, ಕೋಳಿಸಾರು, ಕಜ್ಜಾಯ ಎಲ್ಲ ಬಾಳೆ ಎಲೆಗೆ ಬಡಿಸಿ, ಕೊಡೆ ಹಿಡಿದು ತಾರಸಿಯಲ್ಲಿ ಎಡೆ ಇಟ್ಟು ಬಾಗಿಲೊಳಗೆ ಸರಿದು ನಿಂತೆವು. ಸತ್ತವರು ಕಾಗೆಯಾಗಿ ಬಂದು ಉಣ್ಣುತ್ತಾರೆ ಎಂಬುದು ನಮ್ಮವರ ನಂಬಿಕೆ. ಕಾಗೆ ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಕೊರಗು ಉಳಿದಿದೆ ಎಂದರ್ಥ.

ಕಾಗೆಗಳೇನೋ ಬಂದವು. ಪಕ್ಕದ ಮನೆಯ ಟ್ಯಾಂಕಿನ ಮೇಲೆ ಕೂತು ಕೂಗಿದವು. ಇತ್ತ ಹಾರಿದ್ದನ್ನೆಲ್ಲ ಹದ್ದು ಅಟ್ಟಿತು. ಅಣ್ಣನಿಗೆ ಶುಗರ್, ಬೆಳಗಿನಿಂದ ಉಪವಾಸ ಬೇರೆ. "ಏನ್ ತಪ್ಪಾಗಿದ್ರೂ ಹೊಟ್ಟೇಗ್ ಹಾಕ್ಕೋ, ಬಾರವ್ವ" ಎಂದು ಗೋಗರೆಯುತ್ತಿದ್ದ. ಅಷ್ಟರಲ್ಲಿ ಹದ್ದೇ ಸರ್ರನೆ ಇಳಿದು, ಎಲೆಯಿಂದ ಕೋಳಿ ತುಂಡು ಎತ್ತಿಕೊಂಡು ಗೂಡಿಗೆ ಹಾರಿತು.

"ಮುಟ್ತಲ್ಲ ಅಣ್ಣ!" ಎಂದೆ. "ಬಾಣಂತಿಗೆ ಕೋಳಿಸಾರು ಬಡಿಸ್ದೆ ಅವ್ವ ಯಾವತ್ತು ಉಂಡಿದ್ಲು? ಬಾ, ಊಟ ಮಾಡು."

"ತಲೆ ಕೆಟ್ಟಿದ್ಯಾ ನಿಂಗೆ? ಗರುಡ ಆಗಿದ್ರೆ ಕೈ ಮುಗೀತಿದ್ದೆ. ಇದು ಬರೀ ಹದ್ದು. ಅವ್ವ ಹಸ್ಕೊಂಡ್ ವಾಪಸ್ ಹೋಗ್ತಾಳೆ ಕಣೇ!" ಅಣ್ಣ ಅತ್ತೇ ಬಿಟ್ಟ. ಅರವತ್ತು ದಾಟಿದವನು ಮಗುವಿನಂತೆ ಅತ್ತ. ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು.

ಅವನು ತೆಂಗಿನಕಾಯಿ ಕೀಳುವವನಿಗೆ ಫೋನ್ ಮಾಡಿದ. "ಮರಿ ಹಾರೋ ತನಕ ತಡ್ಕೋ, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ. "ಅವ್ವನ ತಿಥಿ ಅಲ್ಲೀ ತನಕ ತಡ್ಕೊಳ್ತದಾ?" ಎಂದ.

ಬಂದವನು ಬೈಕಿನ ಹೆಲ್ಮೆಟ್ ಹಾಕಿಕೊಂಡೇ ಮರ ಹತ್ತಿದ. ಕಡ್ಡಿ, ಚಿಂದಿ, ವೈರು, ಎಲ್ಲ ಹಿತ್ತಿಲಿಗೆ ಉದುರಿದವು. ಜೊತೆಗೆ ಒಂದು ಮರಿ.

ಅಯ್ಯೋ ಶಿವನೇ, ನಾನು ಕೊಡೆ ಎಳೆದುಕೊಂಡು ಕೆಳಗೆ ಓಡಿದೆ. ಮರಿಗೆ ಇನ್ನೂ ಉಸಿರಿತ್ತು. ಎರಡು ಕಾಗೆ ಆಗಲೇ ಅದರ ಪಕ್ಕ ಇಳಿದಿದ್ದವು. ಅವನ್ನು ಓಡಿಸಿ, ಮರಿಯ ಮೇಲೆ ಕೊಡೆ ಬಿಡಿಸಿ ಹಿಡಿದು ಕೂತೆ. ನಾನು ಕಾಯುತ್ತಿದ್ದೇನೆಂದು ಅದರ ತಾಯಿಗೆ ಹೇಗೆ ತಿಳಿಯಬೇಕು? ಅದು ಕೊಡೆಯ ಮೇಲೆ ಎರಗಿ ಎರಗಿ ಬಟ್ಟೆಯನ್ನು ಹರಿದುಹಾಕಿತು. ಸ್ವಲ್ಪ ಹೊತ್ತಿಗೆ ಮರಿಯ ಕತ್ತು ವಾಲಿತು.

ತಾರಸಿಯಿಂದ ಅಣ್ಣನ ಕೂಗು ಕೇಳಿತು. "ಬಂದ್ಲು! ಅವ್ವ ಬಂದ್ಲು ಕಣೇ! ಬೇಗ ಬಾರೇ!"

ಕಾಗೆ ಎಡೆ ಮುಟ್ಟಿತ್ತು. ಎಲ್ಲರೂ ಊಟಕ್ಕೆ ಕೂತರು, ನಾನೂ ಕೂತೆ. ಅಣ್ಣ ಸಮಾಧಾನದ ಮುಖ ಹೊತ್ತು ತಾನೇ ನನ್ನ ಎಲೆಗೆ ಕೋಳಿ ಬಡಿಸಿದ. ನಾನು ಅದನ್ನು ಎಲೆಯ ಅಂಚಿಗೆ ಸರಿಸಿದೆ.

ಈ ವರ್ಷ ಮರಕ್ಕೆ ಹದ್ದು ಬರಲಿಲ್ಲ. ಮೊನ್ನೆ ಮೇಲಿನ ಮನೆಯ ಹುಡುಗಿ ಒಗೆದ ಬಟ್ಟೆಯ ಬಕೆಟ್ ಹಿಡಿದು, ಇನ್ನೊಂದು ಕೈಯನ್ನು ಮೊಳೆಯತ್ತ ಚಾಚಿ, "ಆಂಟಿ, ಶಿವರಾತ್ರಿ ಆಯ್ತಲ್ಲ, ಕೊಡೆ ತಗೊಂಡ್ ಹೋಗ್ಬೇಕಲ್ವಾ?" ಎಂದಳು.

"ಬೇಡಮ್ಮ" ಎಂದೆ. "ಬರೀ ತಲೇಲೇ ಹೋಗು."